ಸೀಟಿನ ಬೆಲೆ, ಪಾಠದ ಖರ್ಚು

ಸಿಇಟಿ ರ‍್ಯಾಂಕ್ ಪಟ್ಟಿ ಹೊರಬಿದ್ದ ವಾರದಲ್ಲಿ ನನಗೆ ಬರುವ ಪತ್ರಗಳ ಧಾಟಿ ಹೆಚ್ಚುಕಡಿಮೆ ಒಂದೇ. ಮಗಳಿಗೆ ರ‍್ಯಾಂಕ್ ಬಂದಿದೆ, ಆದರೆ ಕೇಳಿದ ಕಾಲೇಜು ಸಿಗುವಷ್ಟು ಅಲ್ಲ. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ವಿಚಾರಿಸಿದರೆ ಅವರು ಹೇಳುವ ಮೊತ್ತಕ್ಕೆ ಊರಲ್ಲಿ ಸೈಟು ಬರುತ್ತದೆ. ಕೊನೆಗೆ ಪ್ರಶ್ನೆ: 'ಕಾಲೇಜು ಇಷ್ಟು ದುಬಾರಿ ಆಗಿದ್ದಾದರೂ ಯಾಕೆ?' ಇದಕ್ಕೆ ನಮ್ಮಲ್ಲಿ ಎರಡು ಸಿದ್ಧ ಉತ್ತರಗಳಿವೆ. ಎಲ್ಲ ತುಟ್ಟಿಯಾಗಿರುವಾಗ ಕಾಲೇಜೊಂದು ಅಗ್ಗವಾಗಿರಲು ಸಾಧ್ಯವೇ ಎನ್ನುವುದು ಮೊದಲನೆಯದು. ಆಡಳಿತ ಮಂಡಳಿಗಳ ಹಣದಾಸೆ ಎನ್ನುವುದು ಎರಡನೆಯದು. ಎರಡರಲ್ಲೂ ಸತ್ಯದ ಅಂಶವಿದೆ. ಆದರೆ ಇವೆರಡೂ ವಿವರಿಸಲಾಗದ ಸಂಗತಿಯೊಂದಿದೆ. ಅದು ನನಗೆ ಮನವರಿಕೆಯಾದದ್ದು ಕಾಲೇಜೊಂದರ ಕಚೇರಿಯಲ್ಲಿ ಕುಳಿತಿದ್ದಾಗ.

ಗೆಳೆಯರೊಬ್ಬರ ಮಗನ ಸೀಟಿಗಾಗಿ ಅವರ ಜೊತೆ ಬೆಂಗಳೂರಿನ ಒಂದು ಎಂಜಿನಿಯರಿಂಗ್ ಕಾಲೇಜಿಗೆ ಹೋಗಿದ್ದೆ. ಪ್ರವೇಶ ವಿಭಾಗದವರು ಹುಡುಗನ ಅಂಕ ಕೇಳಲಿಲ್ಲ, ಬ್ರ್ಯಾಂಚ್ ಯಾವುದು ಎಂದು ಕೇಳಿದರು. ಕಂಪ್ಯೂಟರ್ ಸೈನ್ಸ್‌ಗೆ ಒಂದು ದರ ಹೇಳಿದರು, ಅದರಲ್ಲಿ ಚೌಕಾಸಿ ಇಲ್ಲ ಎಂದರು. ಎಲೆಕ್ಟ್ರಾನಿಕ್ಸ್‌ಗೆ ಅದಕ್ಕಿಂತ ಕಡಿಮೆ. 'ಮೆಕ್ಯಾನಿಕಲ್ ಆದರೆ?' ಎಂದು ಗೆಳೆಯರು ಕೇಳಿದ್ದಕ್ಕೆ ಅವರು ನಕ್ಕು, 'ಅದಕ್ಕೆ ನೀವೇ ಹೇಳಿ ಸಾರ್, ಎಷ್ಟು ಕೊಡ್ತೀರಾ?' ಎಂದರು.

ಈಗ ಖರ್ಚಿನ ಲೆಕ್ಕ ನೋಡಿ. ಮೆಕ್ಯಾನಿಕಲ್ ವಿಭಾಗಕ್ಕೆ ವರ್ಕ್‌ಶಾಪ್ ಬೇಕು, ಲೇತ್ ಬೇಕು, ವೆಲ್ಡಿಂಗ್ ಬೇಕು, ಎಂಜಿನ್ ಪರೀಕ್ಷಿಸುವ ಪ್ರಯೋಗಾಲಯ ಬೇಕು. ಎತ್ತರದ ಶೆಡ್ಡು, ಮೂರು ಫೇಸ್ ವಿದ್ಯುತ್ತು, ಯಂತ್ರ ನೋಡಿಕೊಳ್ಳುವ ಸಹಾಯಕರು ಬೇಕು. ಕಂಪ್ಯೂಟರ್ ಸೈನ್ಸ್‌ಗೆ ಒಂದಷ್ಟು ಕಂಪ್ಯೂಟರು, ಒಳ್ಳೆಯ ಇಂಟರ್‌ನೆಟ್ಟು, ಒಂದು ಹವಾನಿಯಂತ್ರಿತ ಕೋಣೆ ಇದ್ದರೆ ಮುಕ್ಕಾಲು ಕೆಲಸ ಮುಗಿಯಿತು. ಶುಲ್ಕವೆಂಬುದು ಪಾಠ ಹೇಳುವ ಖರ್ಚಿನ ಮೇಲೆ ನಿಂತಿದ್ದರೆ ಮೆಕ್ಯಾನಿಕಲ್ ದುಬಾರಿಯಾಗಿರಬೇಕಿತ್ತು. ಆಗಿರುವುದು ತಿರುವುಮುರುವು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕೆ.ಆರ್. ಮಾರುಕಟ್ಟೆಯಲ್ಲಿ ಕನಕಾಂಬರದ ಬೆಲೆ ಗಗನಕ್ಕೇರಿದಾಗ ಅದನ್ನು ಬೆಳೆಯುವ ಖರ್ಚೇನೂ ರಾತ್ರೋರಾತ್ರಿ ಏರಿರುವುದಿಲ್ಲ. ಏರುವುದು ಕೊಳ್ಳುವವರ ಸಂಖ್ಯೆ. ಕಾಲೇಜಿನ ವಿಷಯದಲ್ಲೂ ನನ್ನ ಉತ್ತರ ಅಷ್ಟೇ: ನಾವು ಕೊಡುತ್ತಿರುವುದು ಪಾಠದ ಖರ್ಚನ್ನಲ್ಲ, ಸೀಟಿನ ಬೆಲೆಯನ್ನು. ಅದನ್ನು ನಿಗದಿ ಮಾಡುವುದು ಗೇಟಿನ ಹೊರಗಿನ ಸಾಲು.

ಒಂದು ಸೆಕ್ಷನ್‌ನ ಲೆಕ್ಕ ಹಾಕಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಕರ್ನಾಟಕದ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಶೇ 45 ಸೀಟು ಸರ್ಕಾರದ ಪಾಲು, ಶೇ 30 ಕಾಮೆಡ್‌ಕೆ, ಉಳಿದ ಶೇ 25 ಎನ್‌ಆರ್‌ಐ ಸೇರಿ ಮ್ಯಾನೇಜ್‌ಮೆಂಟಿನದು. ಅರವತ್ತು ಮಂದಿಯ ಒಂದು ಕಂಪ್ಯೂಟರ್ ಸೈನ್ಸ್ ಸೆಕ್ಷನ್ನಿನಲ್ಲಿ ಇದು 27, 18 ಮತ್ತು 15 ಆಗುತ್ತದೆ. ಸರ್ಕಾರಿ ಸೀಟಿಗೆ ವರ್ಷಕ್ಕೆ ಸುಮಾರು 1 ಲಕ್ಷ, ಕಾಮೆಡ್‌ಕೆಗೆ ಎರಡೂವರೆ ಲಕ್ಷ ಎಂದು ಹಿಡಿಯೋಣ. ಮ್ಯಾನೇಜ್‌ಮೆಂಟ್ ಸೀಟಿನ ದರ ಕಾಲೇಜಿಂದ ಕಾಲೇಜಿಗೆ ಬೇರೆ, ಬೇಡಿಕೆಯಿರುವ ಕಡೆ 8 ಲಕ್ಷ ಎಂದಿಟ್ಟುಕೊಳ್ಳಿ. 27 ಮಂದಿಯಿಂದ 27 ಲಕ್ಷ, 18 ಮಂದಿಯಿಂದ 45 ಲಕ್ಷ, 15 ಮಂದಿಯಿಂದ 1 ಕೋಟಿ 20 ಲಕ್ಷ. ಒಟ್ಟು 1 ಕೋಟಿ 92 ಲಕ್ಷ. ಅಂದರೆ ತರಗತಿಯ ಕಾಲು ಭಾಗದ ಮಕ್ಕಳಿಂದ ಆದಾಯದ ಶೇ 60ಕ್ಕೂ ಹೆಚ್ಚು ಬರುತ್ತದೆ. ಒಂದೇ ಬೆಂಚಿನಲ್ಲಿ ಕುಳಿತ ಮೂವರು ಒಂದೇ ಪಾಠಕ್ಕೆ ಮೂರು ದರ ಕೊಟ್ಟಿರುತ್ತಾರೆ. ಅವರಲ್ಲಿ ಯಾರು ಕೊಟ್ಟದ್ದೂ ಪಾಠದ ನಿಜವಾದ ಖರ್ಚಲ್ಲ.

ಹಾಗಾದರೆ ಖರ್ಚೆಷ್ಟು? ಕಾಲೇಜೆಂದರೆ ಮುಖ್ಯವಾಗಿ ಸಂಬಳ. ಎಐಸಿಟಿಇ ನಿಯಮದಂತೆ ಇಪ್ಪತ್ತು ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕರು. ಅರವತ್ತು ಮಂದಿಯ ಪಾಲಿಗೆ ಮೂವರು. ಏಳನೇ ವೇತನ ಆಯೋಗದ ಶ್ರೇಣಿಯಲ್ಲಿ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲ ವೇತನ 57,700 ರೂಪಾಯಿ. ಭತ್ಯೆಗಳು, ಹಿರಿಯರ ಹೆಚ್ಚಿನ ಸಂಬಳ ಎಲ್ಲ ಸೇರಿಸಿ ತಲಾ 15 ಲಕ್ಷವೆಂದರೂ ಮೂವರಿಗೆ ವರ್ಷಕ್ಕೆ 45 ಲಕ್ಷ. ಆ 1 ಕೋಟಿ 92 ಲಕ್ಷದಲ್ಲಿ ಇದು ಕಾಲು ಭಾಗವೂ ಅಲ್ಲ. ಈ ಶ್ರೇಣಿಯ ಪೂರ್ತಿ ಸಂಬಳ ಕೊಡದ ಖಾಸಗಿ ಕಾಲೇಜುಗಳು ನಮ್ಮಲ್ಲಿ ಬೇಕಾದಷ್ಟಿವೆ ಎಂಬುದು ಅಧ್ಯಾಪಕರಾದ ನನ್ನ ಗೆಳೆಯರಿಗೆ ಚೆನ್ನಾಗಿ ಗೊತ್ತು. ಕಟ್ಟಡದ ಸಾಲ, ಪ್ರಯೋಗಾಲಯ, ಬೋಧಕೇತರ ಸಿಬ್ಬಂದಿ, ವಿಶ್ವವಿದ್ಯಾಲಯಕ್ಕೆ ಕಟ್ಟುವ ಸಂಯೋಜನೆ ಶುಲ್ಕ, ಗ್ರಂಥಾಲಯ ಇವೆಲ್ಲ ಇವೆ, ನಿಜ. ಹುಡುಗರು ಬಾರದೆ ಅರ್ಧಕ್ಕರ್ಧ ಖಾಲಿ ಬಿದ್ದಿರುವ ಸಿವಿಲ್, ಮೆಕ್ಯಾನಿಕಲ್ ವಿಭಾಗಗಳನ್ನು ಸಾಕುವುದೂ ಇದೇ ಕಂಪ್ಯೂಟರ್ ಸೈನ್ಸ್ ಹಣದಲ್ಲೇ. ಅದನ್ನೆಲ್ಲ ಕಳೆದ ಮೇಲೂ ದರ ನಿಗದಿಯಾಗುವುದು ಖರ್ಚಿನಿಂದಲ್ಲ ಎಂಬ ಮಾತು ಹಾಗೇ ನಿಲ್ಲುತ್ತದೆ. ಅದೇ ನಿಯಮಗಳಡಿ ನಡೆಯುವ, ಅದೇ ಪಠ್ಯಕ್ರಮದ, ತಾಲ್ಲೂಕು ಕೇಂದ್ರದ ಕಾಲೇಜೊಂದು ಮ್ಯಾನೇಜ್‌ಮೆಂಟ್ ಸೀಟನ್ನು ಸರ್ಕಾರಿ ದರಕ್ಕೇ ಕೊಡಲು ಸಿದ್ಧವಿದ್ದರೂ ಅಲ್ಲಿ ಕೇಳುವವರಿಲ್ಲ.

ಸಾಲು ಹೀಗೆ ಬೆಳೆದದ್ದು ಹೇಗೆ ಎಂದು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು. ನನ್ನ ತಲೆಮಾರಿನವರು 'ನಾವು ನೂರಿನ್ನೂರು ರೂಪಾಯಿಯಲ್ಲಿ ಪದವಿ ಮುಗಿಸಿದೆವು' ಎಂದು ಮಕ್ಕಳ ಮುಂದೆ ಹೇಳಿಕೊಳ್ಳುವುದುಂಟು. ನಾನು ಓದಿದ್ದು ಅನುದಾನಿತ ಕಾಲೇಜಿನಲ್ಲಿ. ನಮ್ಮ ಮೇಷ್ಟ್ರುಗಳ ಸಂಬಳ ಸರ್ಕಾರದ ಖಜಾನೆಯಿಂದ ಬರುತ್ತಿತ್ತು. ಆಗಲೂ ಪಾಠಕ್ಕೆ ಖರ್ಚಿತ್ತು, ಅದನ್ನು ಕೊಡುತ್ತಿದ್ದವರು ಬೇರೆ. ತೆರಿಗೆ ಕಟ್ಟುವವರು ಕೊಡುತ್ತಿದ್ದರು, ಕಾಲೇಜಿಗೆ ಜಾಗ ಬಿಟ್ಟುಕೊಟ್ಟ ದಾನಿಗಳು ಕೊಡುತ್ತಿದ್ದರು. ಬೆಳಗಾವಿಯಲ್ಲಿ 1916ರಲ್ಲಿ ಕೆಎಲ್‌ಇ ಸಂಸ್ಥೆ ಕಟ್ಟಿದ ಅಧ್ಯಾಪಕರ ಹಿಂದೆ ಇಂಥ ದಾನಿಗಳ ಸಾಲೇ ಇತ್ತು. ಬೆಂಗಳೂರಿನಲ್ಲಿ 1946ರಲ್ಲಿ ಶುರುವಾದ ಬಿಎಂಎಸ್ ಕಾಲೇಜು ಖಾಸಗಿ ದತ್ತಿಯಿಂದ ಎದ್ದ ಎಂಜಿನಿಯರಿಂಗ್ ಕಾಲೇಜು. 1953ರಲ್ಲಿ ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈ ಅವರು ಕಸ್ತೂರಬಾ ವೈದ್ಯಕೀಯ ಕಾಲೇಜು ತೆರೆದಾಗ ಮಾದರಿ ಬದಲಾಯಿತು. ಸರ್ಕಾರದ ಬಳಿ ಹಣವಿಲ್ಲದಿದ್ದರೆ ಓದುವವರೇ ಕೊಡಲಿ, ಕಾಲೇಜು ನಿಲ್ಲಲಿ ಎಂಬುದು ಅದರ ಹಿಂದಿನ ವಿಚಾರ. ಅಂದಿಗೆ ಅದು ದಿಟ್ಟ ಹೆಜ್ಜೆ. ದೇಶಕ್ಕೆ ಸಾವಿರಾರು ವೈದ್ಯರು ಅಲ್ಲಿಂದ ಬಂದರು. ಆದರೆ ಹಣ ಓದುವವರಿಂದಲೇ ಬರಬಹುದು ಎಂದು ಒಮ್ಮೆ ಗೊತ್ತಾದ ಮೇಲೆ ಸರ್ಕಾರಕ್ಕೂ ಒಂದು ಸುಲಭದ ದಾರಿ ಸಿಕ್ಕಿತು. ಎಂಬತ್ತರ ದಶಕದಲ್ಲಿ ಬೇಡಿಕೆ ಏರಿದಾಗ ಅದು ತಾನು ಕಾಲೇಜು ಕಟ್ಟುವ ಬದಲು ಕಟ್ಟುವವರಿಗೆ ಪರವಾನಗಿ ಕೊಟ್ಟಿತು. ಉತ್ತರ ಭಾರತದ ಹುಡುಗರು ಸೂಟ್‌ಕೇಸ್ ಹಿಡಿದು ಕರ್ನಾಟಕಕ್ಕೆ ಬರತೊಡಗಿದ್ದು ಆ ಕಾಲದಲ್ಲೇ.

ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಕಾಯಿದೆ ನಮ್ಮ ರಾಜ್ಯದಲ್ಲಿ 1984ರಷ್ಟು ಹಿಂದೆಯೇ ಬಂದಿದೆ. 1989ರಲ್ಲಿ ಸರ್ಕಾರ ಖಾಸಗಿ ವೈದ್ಯಕೀಯ ಕಾಲೇಜುಗಳ ದರ ನಿಗದಿ ಮಾಡಿತು: ಸರ್ಕಾರಿ ಸೀಟಿಗೆ ವರ್ಷಕ್ಕೆ 2,000, ಉಳಿದ ಸೀಟುಗಳಿಗೆ ಕರ್ನಾಟಕದವರಿಗೆ 25,000, ಹೊರ ರಾಜ್ಯದವರಿಗೆ 60,000 ರೂಪಾಯಿ. ಉತ್ತರ ಪ್ರದೇಶದ ಮೀರತ್‌ನ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿಗೆ ತುಮಕೂರಿನಲ್ಲಿ ಸೀಟು ಸಿಕ್ಕಿತು, ಕಟ್ಟಲು 60,000 ಇರಲಿಲ್ಲ. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1992ರಲ್ಲಿ ಕೋರ್ಟು ಶಿಕ್ಷಣವನ್ನು ಮೂಲಭೂತ ಹಕ್ಕೆಂದು ಕರೆದು, ಕ್ಯಾಪಿಟೇಶನ್ ಶುಲ್ಕ ಸಲ್ಲದು ಎಂದಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಒಂದು ಸೂತ್ರವನ್ನೇ ಕೊಟ್ಟಿತು: ಅರ್ಧ ಸೀಟು ಫ್ರೀ, ಅರ್ಧ ಪೇಮೆಂಟ್, ಎರಡಕ್ಕೂ ಮೆರಿಟ್ಟೇ ಆಧಾರ. 1994ರಲ್ಲಿ ನಮ್ಮ ಸಿಇಟಿ ಶುರುವಾದದ್ದು ಆ ಹಿನ್ನೆಲೆಯಲ್ಲಿ. ಹಳ್ಳಿಯ ಹುಡುಗನೊಬ್ಬ ಬೆಂಗಳೂರಿನ ಕೌನ್ಸೆಲಿಂಗ್ ಪರದೆಯ ಮುಂದೆ ನಿಂತು, ಯಾರ ಶಿಫಾರಸೂ ಇಲ್ಲದೆ ತನ್ನ ಸೀಟು ತಾನೇ ಆರಿಸಿಕೊಳ್ಳುವಂತಾಯಿತು. ಆ ದಿನಗಳನ್ನು ಕಂಡವರು ಸಿಇಟಿಯ ಬಗ್ಗೆ ಇಂದಿಗೂ ಕೃತಜ್ಞತೆಯಿಂದ ಮಾತಾಡುತ್ತಾರೆ.

2002ರಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಆ ಸೂತ್ರವನ್ನು ತೆಗೆದುಹಾಕಿತು. ಒಬ್ಬನ ಓದಿನ ಹೊರೆಯನ್ನು ಇನ್ನೊಬ್ಬನ ಹೆಗಲಿಗೆ ಹಾಕುವುದು ನ್ಯಾಯವಲ್ಲ ಎಂಬುದು ಅದರ ವಾದದ ಒಂದು ಎಳೆ. ನಗರದ ಒಳ್ಳೆಯ ಶಾಲೆಯಲ್ಲಿ ಓದಿ ಬಂದ ಸ್ಥಿತಿವಂತರೇ ಫ್ರೀ ಸೀಟು ಗಿಟ್ಟಿಸುವುದನ್ನೂ ಅದು ಗಮನಿಸಿತು. ಖಾಸಗಿ ಸಂಸ್ಥೆಗಳು ತಮ್ಮ ಶುಲ್ಕ ತಾವೇ ನಿಗದಿ ಮಾಡಿಕೊಳ್ಳಬಹುದು, ಬೆಳವಣಿಗೆಗೆ ಬೇಕಾದ ನ್ಯಾಯಯುತ ಮಿಗತೆಯನ್ನೂ ಉಳಿಸಿಕೊಳ್ಳಬಹುದು, ಲಾಭಕೋರತನ ಮಾತ್ರ ಕೂಡದು ಎಂದಿತು. 2005ರ ಇನಾಮದಾರ್ ತೀರ್ಪು ಇದನ್ನು ಗಟ್ಟಿ ಮಾಡಿ, ಶೇ 15ರವರೆಗೆ ಎನ್‌ಆರ್‌ಐ ಸೀಟಿಗೂ ಒಪ್ಪಿಗೆ ಕೊಟ್ಟಿತು. ನ್ಯಾಯಯುತ ಮಿಗತೆ ಎಲ್ಲಿ ಮುಗಿದು ಲಾಭಕೋರತನ ಎಲ್ಲಿ ಶುರುವಾಗುತ್ತದೆ? ಆ ಗೆರೆ ಎಳೆಯುವ ಕೆಲಸ ರಾಜ್ಯಗಳ ಪಾಲಿಗೆ ಬಂತು.

ಕರ್ನಾಟಕದಲ್ಲಿ ಆ ಗೆರೆ ಎಳೆಯುವುದು ಮಾತುಕತೆಯಲ್ಲಿ. 2006ರಲ್ಲಿ ಕಾಯಿದೆ ಬಂದರೂ ಪ್ರತಿ ವರ್ಷ ಸರ್ಕಾರ ಮತ್ತು ಕಾಲೇಜುಗಳ ಒಕ್ಕೂಟದವರು ಮೇಜಿನ ಸುತ್ತ ಕುಳಿತು ಒಪ್ಪಂದಕ್ಕೆ ಬರುವುದೇ ರೂಢಿಯಾಯಿತು. ಅವರು ಶೇ 20 ಏರಿಕೆ ಕೇಳುತ್ತಾರೆ, ಇವರು ಆಗದು ಎನ್ನುತ್ತಾರೆ, ಎಲ್ಲೋ ನಡುವೆ ಹಸ್ತಾಕ್ಷರ ಬೀಳುತ್ತದೆ. ಪತ್ರಿಕೆಗಳಲ್ಲಿ 'ಶುಲ್ಕ ಅಲ್ಪ ಏರಿಕೆ' ಎಂದು ಸುದ್ದಿ ಬರುತ್ತದೆ. ಅದು ಸರ್ಕಾರಿ ಸೀಟಿನ ಸುದ್ದಿ ಮಾತ್ರ. ಅಲ್ಲಿ ಒತ್ತಿ ಹಿಡಿದದ್ದು ಮ್ಯಾನೇಜ್‌ಮೆಂಟ್ ಸೀಟಿನಲ್ಲಿ ಉಬ್ಬುತ್ತದೆ. ವೈದ್ಯಕೀಯದಲ್ಲಿ ಇದು ಇನ್ನೂ ನಿಚ್ಚಳ. ಖಾಸಗಿ ಕಾಲೇಜಿನ ಸರ್ಕಾರಿ ಸೀಟಿಗೆ ವರ್ಷಕ್ಕೆ ಒಂದೂವರೆ ಲಕ್ಷದ ಆಸುಪಾಸು ಇದ್ದರೆ, ಅದೇ ಕಾಲೇಜಿನ ಖಾಸಗಿ ಸೀಟು 10 ಲಕ್ಷ ದಾಟುತ್ತದೆ, ಎನ್‌ಆರ್‌ಐ ಸೀಟು ಅದರ ಎರಡು ಮೂರು ಪಟ್ಟು. ಎರಡು ದರಗಳ ನಡುವಿನ ಅಂತರ ಇಷ್ಟು ದೊಡ್ಡದಾದ ಮೇಲೆ ಅದರಲ್ಲಿ ವ್ಯಾಪಾರ ಮಾಡುವವರು ಹುಟ್ಟದೇ ಇರುತ್ತಾರೆಯೇ? 2024ರ ಕೊನೆಯಲ್ಲಿ ಬಯಲಾದ ಸೀಟ್ ಬ್ಲಾಕಿಂಗ್ ಹಗರಣ ನೆನಪಿರಬಹುದು. ಸೇರುವ ಇರಾದೆಯೇ ಇಲ್ಲದವರ ಹೆಸರಲ್ಲಿ ಬೇಡಿಕೆಯ ಕಾಲೇಜಿನ ಸರ್ಕಾರಿ ಸೀಟು ಹಿಡಿದಿಟ್ಟು, ಕೊನೆಯ ಸುತ್ತಿನ ನಂತರ ಅದು ಖಾಲಿ ಉಳಿದು ಮ್ಯಾನೇಜ್‌ಮೆಂಟಿಗೆ ಮರಳುವಂತೆ ಮಾಡುವ ತಂತ್ರ. ಪರೀಕ್ಷಾ ಪ್ರಾಧಿಕಾರವೇ ಪೊಲೀಸರಿಗೆ ದೂರು ಕೊಟ್ಟಿತು, ಬಂಧನಗಳೂ ಆದವು. ಒಂದು ಲಕ್ಷದ ಸೀಟು ಹಾಗೆ ಕೈ ಬದಲಿಸಿದ ಕೂಡಲೇ ಅದರ ಬೆಲೆ ಹಲವು ಪಟ್ಟು ಆಗುತ್ತಿತ್ತು.

ಇದು ಖಾಸಗಿಯವರ ಕತೆ ಮಾತ್ರ ಎಂದುಕೊಳ್ಳಬೇಡಿ. ಐಐಟಿಗಳಲ್ಲಿ ಬಿ.ಟೆಕ್ ಬೋಧನಾ ಶುಲ್ಕ 2013ರಲ್ಲಿ ವರ್ಷಕ್ಕೆ 50 ಸಾವಿರದಿಂದ 90 ಸಾವಿರಕ್ಕೆ, 2016ರಲ್ಲಿ 2 ಲಕ್ಷಕ್ಕೆ ಏರಿತು. ಪರಿಶಿಷ್ಟರಿಗೆ, ಅಂಗವಿಕಲರಿಗೆ, ತೀರಾ ಬಡವರಿಗೆ ಪೂರ್ತಿ ವಿನಾಯಿತಿ, 5 ಲಕ್ಷದೊಳಗಿನ ಆದಾಯದವರಿಗೆ ಮೂರನೇ ಎರಡು ಭಾಗ ವಿನಾಯಿತಿ ಕೊಟ್ಟದ್ದು ಒಳ್ಳೆಯದೇ. ಹೊರೆ ಬಿದ್ದದ್ದು ಅದರ ಮೇಲಿನ ಮಧ್ಯಮ ವರ್ಗದ ಮೇಲೆ. 2004ರಲ್ಲಿ ಆಗಿನ ಮಾನವ ಸಂಪನ್ಮೂಲ ಸಚಿವ ಮುರಳಿ ಮನೋಹರ ಜೋಶಿ ಅವರು ಐಐಎಂಗಳ ವಾರ್ಷಿಕ ಶುಲ್ಕವನ್ನು ಒಂದೂವರೆ ಲಕ್ಷದಿಂದ 30 ಸಾವಿರಕ್ಕೆ ಇಳಿಸಲು ಆದೇಶಿಸಿದ್ದರು. ಇಳಿಸಬೇಡಿ ಎಂದು ಗಲಾಟೆಯಾಯಿತು! ಹೊಸ ಸರ್ಕಾರ ಬಂದು ಆದೇಶ ಹಿಂದಕ್ಕೆ ಹೋಯಿತು. ಇಂದು ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ ಎರಡು ವರ್ಷದ ಶುಲ್ಕ 20 ಲಕ್ಷ ದಾಟಿದೆ, ಸಾಲು ಒಂದಿಷ್ಟೂ ಕರಗಿಲ್ಲ. 2017ರಲ್ಲಿ ಕೇಂದ್ರವು ಕೆನರಾ ಬ್ಯಾಂಕ್ ಜೊತೆ ಸೇರಿ ಹೆಫಾ ಎಂಬ ಸಂಸ್ಥೆ ಮಾಡಿತು. ಮೊದಲು ಅನುದಾನವಾಗಿ ಬರುತ್ತಿದ್ದ ಕಟ್ಟಡದ ಹಣ ಈಗ ಅಲ್ಲಿಂದ ಸಾಲವಾಗಿ ಬರುತ್ತದೆ. ಬಡ್ಡಿಯನ್ನು ಸರ್ಕಾರ ನೋಡಿಕೊಳ್ಳುತ್ತದೆ, ಅಸಲಿನ ಒಂದು ಪಾಲನ್ನು ಸಂಸ್ಥೆ ತನ್ನ ಸಂಪಾದನೆಯಿಂದ ತೀರಿಸಬೇಕು. ಸಂಸ್ಥೆಯ ಸಂಪಾದನೆಯಲ್ಲಿ ಶುಲ್ಕವೇ ಮುಖ್ಯ ಎಂದು ಬಿಡಿಸಿ ಹೇಳಬೇಕಿಲ್ಲ. ತೆರಿಗೆಯ ಪುಸ್ತಕದಲ್ಲಿದ್ದ ಖರ್ಚು ಪೋಷಕರ ಪಾಸ್‌ಬುಕ್ಕಿಗೆ ಜರುಗುವುದು ಹೀಗೆ, ಸದ್ದಿಲ್ಲದೆ.

ಸಾಲ ಸಂಸ್ಥೆಗಷ್ಟೇ ಅಲ್ಲ, ಮನೆಗೂ ಬಂತು. ಬ್ಯಾಂಕುಗಳ ಶಿಕ್ಷಣ ಸಾಲದ ಮಾದರಿ ಯೋಜನೆ 2001ರಿಂದ ಇದೆ. 4 ಲಕ್ಷದವರೆಗೆ ಅಡಮಾನ ಬೇಡ, ಏಳೂವರೆ ಲಕ್ಷ ದಾಟಿದರೆ ಆಸ್ತಿ ಪತ್ರ ಇಡಬೇಕು ಎಂಬುದು ಅದರ ವಾಡಿಕೆ. ಸಾಲ ಸಿಗುತ್ತದೆ ಎಂಬ ಧೈರ್ಯವೇ ಶುಲ್ಕ ಏರಿಸುವವರ ಧೈರ್ಯವೂ ಆಗುತ್ತದೆ. 10 ಲಕ್ಷ ಸಾಲಕ್ಕೆ ಶೇ 10ರ ಬಡ್ಡಿಯಲ್ಲಿ ಹತ್ತು ವರ್ಷದ ಕಂತು ತಿಂಗಳಿಗೆ 13 ಸಾವಿರ ದಾಟುತ್ತದೆ, ಓದುವ ಅವಧಿಯಲ್ಲಿ ಬೆಳೆಯುವ ಬಡ್ಡಿ ಬೇರೆ. ಇನ್ನೊಂದು ಕಡೆ ದೊಡ್ಡ ಐಟಿ ಸೇವಾ ಕಂಪನಿಗಳು ಹೊಸಬರಿಗೆ ಕೊಡುವ ಸಂಬಳ ವರ್ಷಕ್ಕೆ ಮೂರು, ಮೂರೂವರೆ ಲಕ್ಷದ ಹತ್ತಿರ ಬಹುಕಾಲದಿಂದ ನಿಂತಲ್ಲೇ ನಿಂತಿದೆ. ಬೆಂಗಳೂರಿನಲ್ಲಿ ಪಿಜಿ ಬಾಡಿಗೆ, ಊಟ, ಓಡಾಟ ಕಳೆದರೆ ಅದರಲ್ಲಿ ಕಂತಿಗೆ ಎಷ್ಟು ಉಳಿದೀತು? ಸಾಲ ಮಾಡುವಾಗ ಮನೆಮಂದಿಯ ಕಣ್ಣ ಮುಂದಿರುವುದು 40 ಲಕ್ಷದ ಪ್ಯಾಕೇಜು ಪಡೆದ ಹುಡುಗನ ಫ್ಲೆಕ್ಸು. ಆ ಫ್ಲೆಕ್ಸು ಕಾಲೇಜಿನ ಗೇಟಿಗೆ ಕಟ್ಟಿರುವುದೇ ಸಾಲನ್ನು ಉದ್ದ ಮಾಡಲು. ಈ ಸಾಲು ಈಗ ಪಿಯುಸಿಗೂ ಇಳಿದಿದೆ. ನೀಟ್, ಜೆಇಇ ಕೋಚಿಂಗ್ ಬೆರೆಸಿದ ಪಿಯು ಕಾಲೇಜಿನಲ್ಲಿ ಹಾಸ್ಟೆಲ್ ಸೇರಿ ಲಕ್ಷಗಳಲ್ಲಿ ಮಾತು. ಎಷ್ಟೋ ಮನೆಗಳಲ್ಲಿ ಎಂಜಿನಿಯರಿಂಗ್ ಸೇರುವ ಮೊದಲೇ ಒಂದು ಚೀಟಿ ಎತ್ತಿ ಖರ್ಚಾಗಿರುತ್ತದೆ.

ಹಾಗಾದರೆ ಶುಲ್ಕಕ್ಕೆ ಕಡಿವಾಣ ಹಾಕಬೇಕೆ? ಹಾಕಬೇಕು, ಅದರ ಬಗ್ಗೆ ನನಗೆ ತಕರಾರಿಲ್ಲ. ಪ್ರತಿ ಕಾಲೇಜೂ ಬ್ರ್ಯಾಂಚುವಾರು ಆದಾಯವೆಷ್ಟು, ಅಧ್ಯಾಪಕರ ಸಂಬಳಕ್ಕೆ ಹೋದದ್ದೆಷ್ಟು ಎಂದು ತನ್ನ ವೆಬ್‌ಸೈಟಿನಲ್ಲಿ ಹಾಕುವಂತಾದರೆ ಇನ್ನೂ ಒಳ್ಳೆಯದು. ಆದರೆ ಸಾಲು ಹಾಗೇ ಇದ್ದು ದರವನ್ನಷ್ಟೇ ಒತ್ತಿದರೆ ಹಣ ರಸೀದಿಯಿಂದ ಕವರಿಗೆ ಜಾರುತ್ತದೆ. 1984ರ ಕಾಯಿದೆಯ ನಂತರದ ಅನುಭವ ಹೇಳುವುದು ಅದನ್ನೇ. ಸಾಲನ್ನೇ ಹಂಚುವುದು ಇದಕ್ಕಿಂತ ಗಟ್ಟಿ ಉಪಾಯ. ಬೆಂಗಳೂರಿನ ಕೆ.ಆರ್. ವೃತ್ತದ ಯುವಿಸಿಇ ನೋಡಿ. 1917ರಲ್ಲಿ ವಿಶ್ವೇಶ್ವರಯ್ಯನವರು ಶುರು ಮಾಡಿದ ಕಾಲೇಜು. ಅದರ ಶುಲ್ಕ ಖಾಸಗಿ ಕಾಲೇಜಿನ ಸರ್ಕಾರಿ ಸೀಟಿಗಿಂತಲೂ ಕಡಿಮೆ. ಕಟ್ಟಡ ಹಳೆಯದು, ಹಾಗಿದ್ದೂ ಒಳ್ಳೆಯ ರ‍್ಯಾಂಕಿನ ಮಕ್ಕಳು ಅದನ್ನು ಹುಡುಕಿಕೊಂಡು ಹೋಗುತ್ತಾರೆ. 2021ರಲ್ಲಿ ಅದಕ್ಕೆ ಐಐಟಿ ಮಾದರಿಯ ಸ್ವಾಯತ್ತತೆ ಕೊಡುವ ಕಾಯಿದೆಯಾಯಿತು. ಅಂಥದ್ದು ಕಲಬುರಗಿಗೊಂದು, ಹುಬ್ಬಳ್ಳಿಗೊಂದು, ಮೈಸೂರಿಗೊಂದು ಇದ್ದರೆ, ಅಲ್ಲಿ ಅಧ್ಯಾಪಕ ಹುದ್ದೆಗಳು ಭರ್ತಿಯಾಗಿದ್ದರೆ, ಪಕ್ಕದ ಖಾಸಗಿ ಕಾಲೇಜಿನವರು ಮ್ಯಾನೇಜ್‌ಮೆಂಟ್ ಸೀಟಿನ ದರ ಹೇಳುವಾಗ ಒಮ್ಮೆ ಯೋಚಿಸುತ್ತಾರೆ. ಈಗ ಅವರಿಗೆ ಆ ಯೋಚನೆ ಬೇಕಿಲ್ಲ. ನಮ್ಮ ಸರ್ಕಾರಿ ಪದವಿ ಕಾಲೇಜುಗಳು ಬಹುಪಾಲು ನಡೆಯುತ್ತಿರುವುದು ಅತಿಥಿ ಉಪನ್ಯಾಸಕರ ಮೇಲೆ, ಅವರು ಕಾಯಮಾತಿಗಾಗಿ ಬೀದಿಗಿಳಿದು ಧರಣಿ ಕೂತದ್ದನ್ನು ನಾವೆಲ್ಲ ಕಂಡಿದ್ದೇವೆ.

ಈ ವರ್ಷವೇ ಸೀಟು ಹುಡುಕುತ್ತಿರುವವರಿಗೆ ಇದರಿಂದ ಏನು ಸಿಕ್ಕೀತು? ಆಪ್ಷನ್ ಎಂಟ್ರಿಗೆ ಕೂರುವ ಮೊದಲು ಎಸ್‌ಎನ್‌ಕ್ಯೂ ಸೀಟುಗಳನ್ನು ನೋಡಿ. ಪ್ರತಿ ಕೋರ್ಸಿನಲ್ಲೂ ಮಂಜೂರಾದ ಸಂಖ್ಯೆಯ ಮೇಲೆ ಶೇ 5ರಷ್ಟು ಹೆಚ್ಚುವರಿ ಸೀಟು ಅವು. ವಾರ್ಷಿಕ ಆದಾಯ 8 ಲಕ್ಷದೊಳಗಿನವರಿಗೆ ಬೋಧನಾ ಶುಲ್ಕ ಮನ್ನಾ. ಆದಾಯ ಪ್ರಮಾಣ ಪತ್ರ ಸಕಾಲಕ್ಕೆ ಮಾಡಿಸದೆ ಅದನ್ನು ಕಳೆದುಕೊಂಡವರನ್ನು ಬಲ್ಲೆ. ಸಾಲ ಅನಿವಾರ್ಯವಾದರೆ ಓದುವ ವರ್ಷಗಳಲ್ಲೇ ಬಡ್ಡಿಯನ್ನಾದರೂ ಕಟ್ಟುತ್ತಾ ಹೋಗಿ, ಅದು ಅಸಲಿಗೆ ಸೇರಿಕೊಳ್ಳಲು ಬಿಡಬೇಡಿ. ಮ್ಯಾನೇಜ್‌ಮೆಂಟ್ ಸೀಟಿನ ಕಚೇರಿಯಲ್ಲಿ ಕುಳಿತಾಗ ಅತಿ ಹೆಚ್ಚಿನ ಪ್ಯಾಕೇಜ್ ಎಷ್ಟು ಎಂದು ಕೇಳಬೇಡಿ. ನೂರು ಮಂದಿಯಲ್ಲಿ ಐವತ್ತನೆಯವನಿಗೆ ಎಷ್ಟು ಸಂಬಳ ಸಿಕ್ಕಿತು ಎಂದು ಕೇಳಿ. ಉತ್ತರ ತಡವರಿಸಿದರೆ ಎದ್ದು ಬರಲು ಅದೇ ಸಾಕು.

ಇನ್ನು ನಾಗರಿಕರಾಗಿ ನಮ್ಮ ಪಾಲಿನ ಕೆಲಸ. ಪ್ರತಿ ವರ್ಷ ಸೀಟು ಹಂಚಿಕೆಯ ಹೊತ್ತಿಗೆ ಶುಲ್ಕದ ಬಗ್ಗೆ ರಾಜ್ಯವಿಡೀ ಮಾತಾಡುತ್ತದೆ. ಅಷ್ಟರಲ್ಲಿ ತಡವಾಗಿರುತ್ತದೆ, ಸಾಲು ಗೇಟಿನ ಹೊರಗೆ ನಿಂತಾಗಿರುತ್ತದೆ. ಈ ಮಾತು ಆಡಬೇಕಾದದ್ದು ಅದಕ್ಕೂ ಕೆಲವು ತಿಂಗಳ ಮೊದಲು, ಬಜೆಟ್ ಮಂಡನೆಯಾಗುವಾಗ. ಸರ್ಕಾರಿ ಕಾಲೇಜುಗಳಿಗೆ ಎಷ್ಟು ಕಾಯಂ ಅಧ್ಯಾಪಕರು, ಎಷ್ಟು ಹೊಸ ಸೀಟು ಎಂದು ನಮ್ಮ ಶಾಸಕರನ್ನು ಆಗ ಕೇಳಿದರೆ, ಮುಂದಿನ ವರ್ಷದ ಮ್ಯಾನೇಜ್‌ಮೆಂಟ್ ಸೀಟಿನ ದರದ ಬಗ್ಗೆಯೂ ಕೇಳಿದಂತೆಯೇ.